ದಾಸ್ತಾನಿಲ್ಲದ ಅಂಗಡಿ: ಡ್ರಾಪ್‌ಶಿಪ್ಪಿಂಗ್ ನಡೆದುಬಂದ ದಾರಿ

ಅಂಗಡಿ ತೆರೆಯುವವರ ಮೊದಲ ಚಿಂತೆ ಬಂಡವಾಳ. ಅದರಲ್ಲೂ ಸರಕು ತಂದು ತುಂಬಿಸಿಡುವ ಬಂಡವಾಳ. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಮಾಲು ಎಷ್ಟೋ ಸಣ್ಣ ವ್ಯಾಪಾರಿಗಳನ್ನು ಮುಳುಗಿಸಿದೆ. ಈ ಭಾರವನ್ನು ಇಳಿಸಿಕೊಳ್ಳುವ ಆಸೆಯಿಂದ ಬೆಳೆದದ್ದು ಡ್ರಾಪ್‌ಶಿಪ್ಪಿಂಗ್. ಗ್ರಾಹಕರು ಆನ್‌ಲೈನ್ ಅಂಗಡಿಯಲ್ಲಿ ಆರ್ಡರ್ ಕೊಡುತ್ತಾರೆ. ಅಂಗಡಿಯವರು ಅದನ್ನು ತಯಾರಕರಿಗೋ ಸಗಟು ವ್ಯಾಪಾರಿಗೋ ದಾಟಿಸುತ್ತಾರೆ. ಸರಕು ಅಲ್ಲಿಂದಲೇ ನೇರವಾಗಿ ಗ್ರಾಹಕರ ಮನೆ ಸೇರುತ್ತದೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರವೇ ಅಂಗಡಿಯವರ ಗಳಿಕೆ.

ಯೂಟ್ಯೂಬಿನಲ್ಲಿ ಇದನ್ನು ಹೊಸ ವಿದ್ಯೆಯೆಂಬಂತೆ ಕಲಿಸುವವರು ಬಹಳ ಮಂದಿ. ಆದರೆ ಇದರ ಬೇರು ನೂರು ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಸರಕನ್ನು ಬೇರೆಯವರ ಬಳಿ ಬಿಡಬಹುದು, ಹೊಣೆಯನ್ನು ಬಿಡಲಾಗದು.

ಅಂಚೆಯ ಕಾಲ

1872ರಲ್ಲಿ ಶಿಕಾಗೋದ ಆರನ್ ಮಾಂಟ್ಗೊಮರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿ ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಕಳಿಸಿದರು. 1886ರಲ್ಲಿ ಮಿನೆಸೋಟಾದ ರೈಲು ನಿಲ್ದಾಣವೊಂದರಲ್ಲಿ ಏಜೆಂಟರಾಗಿದ್ದ ರಿಚರ್ಡ್ ಸಿಯರ್ಸ್, ಊರಿನ ಆಭರಣ ವ್ಯಾಪಾರಿ ಬೇಡವೆಂದು ಬಿಟ್ಟ ಕೈಗಡಿಯಾರಗಳನ್ನು ಇತರ ಏಜೆಂಟರ ಮೂಲಕ ಮಾರಿ ವ್ಯಾಪಾರಕ್ಕಿಳಿದರು. 1896ರಲ್ಲಿ ಹಳ್ಳಿ ಮನೆಗಳಿಗೆ ಉಚಿತ ಅಂಚೆ ಬಟವಾಡೆ, 1913ರಲ್ಲಿ ಪಾರ್ಸೆಲ್ ಅಂಚೆ ಆರಂಭವಾದ ಮೇಲೆ ಅಮೆರಿಕದಲ್ಲಿ ಈ ವ್ಯಾಪಾರ ಊರೂರಿಗೂ ಹಬ್ಬಿತು. ಕಣ್ಣಿಗೆ ಕಾಣದ ಅಂಗಡಿಯಿಂದ ಕೊಳ್ಳುವ ಅಭ್ಯಾಸ ಜನರಿಗೆ ಬಂದದ್ದು ಹೀಗೆ.

ಭಾರತದಲ್ಲಿ 1877ರಲ್ಲಿ ಬಂದ ವಿ.ಪಿ.ಪಿ. ಎಂಬ ಅಂಚೆ ವ್ಯವಸ್ಥೆ ಇದಕ್ಕೆ ನಮ್ಮದೇ ರೂಪ ಕೊಟ್ಟಿತು. ಅಂಚೆಯವರು ಪೊಟ್ಟಣ ಕೊಟ್ಟು, ಹಣ ಪಡೆದು, ಮಾರಾಟಗಾರರಿಗೆ ತಲುಪಿಸುತ್ತಿದ್ದರು. ಕನ್ನಡದ ಪ್ರಕಾಶಕರು ಊರೂರಿನ ಓದುಗರನ್ನು ಮುಟ್ಟಿದ್ದು ಇದೇ ವ್ಯವಸ್ಥೆಯಿಂದ. ತರಿಸಿಕೊಂಡವರು ಬೇಡವೆಂದರೆ ಪೊಟ್ಟಣ ಹಿಂದಿರುಗುತ್ತಿತ್ತು, ಅಂಚೆ ಖರ್ಚು ಮಾರಾಟಗಾರರ ತಲೆಗೆ ಬೀಳುತ್ತಿತ್ತು. ಇಂದಿನ ಕ್ಯಾಶ್ ಆನ್ ಡೆಲಿವರಿಯ ಅನುಕೂಲವೂ ಸಂಕಟವೂ ಆಗಲೇ ಇದ್ದವು.

ಹೊಣೆಯ ಪ್ರಶ್ನೆಗೆ ಕಾನೂನು ಉತ್ತರಿಸತೊಡಗಿದ್ದೂ ಈ ಕಾಲದಲ್ಲೇ. ಅಂಚೆ ವ್ಯಾಪಾರದಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ ಸರಕು ರವಾನಿಸಬೇಕು, ಆಗದಿದ್ದರೆ ಗ್ರಾಹಕರ ಒಪ್ಪಿಗೆ ಪಡೆಯಬೇಕು ಇಲ್ಲವೇ ಹಣ ಹಿಂದಿರುಗಿಸಬೇಕು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ನಿಯಮ ಮಾಡಿತು. ಪೂರೈಕೆದಾರರು ತಡಮಾಡಿದರು ಎಂಬ ಸಬೂಬಿಗೆ ಅಲ್ಲಿ ಜಾಗವಿರಲಿಲ್ಲ.

ಅಂತರಜಾಲದ ಮೊದಲ ಪಾಠಗಳು

1995ರಲ್ಲಿ ಸಿಯಾಟಲ್‌ನಲ್ಲಿ ಬಾಗಿಲು ತೆರೆದ ಅಮೆಜಾನ್ ಮೊದಮೊದಲು ಹೆಚ್ಚು ಪುಸ್ತಕ ಶೇಖರಿಸಿಡಲಿಲ್ಲ. ಆರ್ಡರ್ ಬಂದ ಮೇಲೆ ಸಗಟು ವಿತರಕರಿಂದ ತರಿಸಿ, ತಾನೇ ಕಟ್ಟಿ ಕಳಿಸುತ್ತಿತ್ತು. ಲಕ್ಷಾಂತರ ಪುಸ್ತಕಗಳನ್ನು ಕೊಂಡಿಡದೆಯೇ ಪಟ್ಟಿಯಲ್ಲಿ ತೋರಿಸಲು ಸಾಧ್ಯವಾದದ್ದು ಇದರಿಂದ.

1999ರಲ್ಲಿ ಆರಂಭವಾದ ಜ಼ಾಪೋಸ್ ಎಂಬ ಪಾದರಕ್ಷೆ ಅಂಗಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಯಾರಕರ ಗೋದಾಮಿನಿಂದಲೇ ಗ್ರಾಹಕರಿಗೆ ಕಳಿಸಿತು. ಆದರೆ ತಯಾರಕರ ದಾಸ್ತಾನಿನ ಲೆಕ್ಕ ನಂಬುವಂತಿರಲಿಲ್ಲ. ಇದೆ ಎಂದು ತೋರಿಸಿದ ಜೋಡು ಅಲ್ಲಿ ಇರುತ್ತಿರಲಿಲ್ಲ, ಯಾವಾಗ ಮುಟ್ಟೀತೆಂಬ ಖಾತರಿಯೂ ಇರಲಿಲ್ಲ. 2003ರಲ್ಲಿ ಟೋನಿ ಶೇ ಅವರ ನೇತೃತ್ವದ ಆ ಸಂಸ್ಥೆ ಡ್ರಾಪ್‌ಶಿಪ್ಪಿಂಗ್ ಅನ್ನು ಒಮ್ಮೆಗೇ ನಿಲ್ಲಿಸಿತು. ಆಗ ಅದರ ಮಾರಾಟದ ಸುಮಾರು ಕಾಲು ಭಾಗ ಆ ದಾರಿಯಿಂದ ಬರುತ್ತಿತ್ತು. ಗ್ರಾಹಕ ಸೇವೆಯೇ ತಮ್ಮ ಹೆಸರೆಂದು ನಂಬಿದವರು ಆ ಹೆಸರನ್ನು ಬೇರೆಯವರ ಗೋದಾಮಿಗೆ ಒಪ್ಪಿಸಲಿಲ್ಲ. ಈ ಕ್ಷೇತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ನೀರಜ್ ಶಾ ಮತ್ತು ಸ್ಟೀವ್ ಕೊನೈನ್ 2002ರಲ್ಲಿ ಬಾಸ್ಟನ್ನಿನಲ್ಲಿ ಶುರುಮಾಡಿದ, ಮುಂದೆ ವೇಫೇರ್ ಎಂದು ಹೆಸರಾದ ಪೀಠೋಪಕರಣದ ಅಂಗಡಿ ಇದೇ ಮಾದರಿಯಲ್ಲಿ ಬೃಹತ್ತಾಗಿ ಬೆಳೆಯಿತು. ಸೋಫಾ, ಮಂಚಗಳನ್ನು ಕೊಂಡು ತುಂಬಿಸಿಡುವುದು ದುಬಾರಿ. ಹಾಗಾಗಿ ಪೂರೈಕೆದಾರರ ಗೋದಾಮಿನಿಂದಲೇ ಕಳಿಸುವುದರಲ್ಲಿ ಅರ್ಥವಿತ್ತು. ಆದರೂ ಬೇಗ ತಲುಪಿಸಲೆಂದು ಪೂರೈಕೆದಾರರ ಸರಕನ್ನು ತನ್ನ ಗೋದಾಮುಗಳಲ್ಲೇ ಇಡುವ ಏರ್ಪಾಡನ್ನು ಅದು ಮುಂದೆ ಮಾಡಿಕೊಳ್ಳಬೇಕಾಯಿತು.

ಚೀನಾದ ಅಗ್ಗದ ಪೊಟ್ಟಣ

2010ರಲ್ಲಿ ಅಲಿಬಾಬಾ ಸಂಸ್ಥೆ ಅಲಿಎಕ್ಸ್‌ಪ್ರೆಸ್ ಆರಂಭಿಸಿದ ಮೇಲೆ ಚೀನಾದ ಮಾರಾಟಗಾರರಿಂದ ಜಗತ್ತಿನ ಯಾರು ಬೇಕಾದರೂ ಒಂದೇ ಒಂದು ವಸ್ತುವನ್ನೂ ತರಿಸುವಂತಾಯಿತು. ಅಂತರರಾಷ್ಟ್ರೀಯ ಅಂಚೆ ಒಪ್ಪಂದಗಳಿಂದಾಗಿ ಅಲ್ಲಿಂದ ಸಣ್ಣ ಪೊಟ್ಟಣ ಕಳಿಸುವ ಖರ್ಚು ತೀರಾ ಕಡಿಮೆಯಿತ್ತು. ಅಂಗಡಿ ಕಟ್ಟಲು 2006ರಿಂದ ಕೆನಡಾದ ಶಾಪಿಫೈ ಇತ್ತು. 2015ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದ ಒಬೆರ್ಲೊ ಎಂಬ ಆ್ಯಪ್ ಶಾಪಿಫೈ ಅಂಗಡಿಯನ್ನು ಅಲಿಎಕ್ಸ್‌ಪ್ರೆಸ್‌ಗೆ ಬೆಸೆಯಿತು. ಫೇಸ್‌ಬುಕ್ ಜಾಹೀರಾತು ಗಿರಾಕಿಗಳನ್ನು ತಂದಿತು. ಡ್ರಾಪ್‌ಶಿಪ್ಪಿಂಗ್ ಮನೆಮಾತಾದದ್ದು ಆಗ.

ಆದರೆ ಆ ಅನುಕೂಲಗಳು ಒಂದೊಂದಾಗಿ ಕಳಚಿದವು. ಯುರೋಪ್ ಒಕ್ಕೂಟ 2021ರ ಜುಲೈನಲ್ಲಿ 22 ಯೂರೋವರೆಗಿನ ಆಮದಿಗಿದ್ದ ತೆರಿಗೆ ವಿನಾಯಿತಿ ತೆಗೆಯಿತು. ಅಮೆರಿಕ 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಮೇ ತಿಂಗಳಲ್ಲಿ ಚೀನಾಕ್ಕೆ, ಆಗಸ್ಟ್‌ನಲ್ಲಿ ಎಲ್ಲ ದೇಶಗಳಿಗೆ ರದ್ದುಮಾಡಿತು. ಶಾಪಿಫೈ 2017ರಲ್ಲಿ ಕೊಂಡಿದ್ದ ಒಬೆರ್ಲೊ 2022ರಲ್ಲಿ ಮುಚ್ಚಿತು. ಭಾರತದಲ್ಲಂತೂ ಬಾಗಿಲು ಇನ್ನೂ ಬೇಗ ಮುಚ್ಚಿತ್ತು: 2019ರ ಡಿಸೆಂಬರಿನಲ್ಲಿ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಸರಕು ತರಿಸುವುದಕ್ಕೆ ತಡೆ ಬಿತ್ತು, 2020ರ ನವೆಂಬರಿನಲ್ಲಿ ಅಲಿಎಕ್ಸ್‌ಪ್ರೆಸ್ ಆ್ಯಪ್ ನಿಷೇಧವಾಯಿತು.

ಬೆಂಗಳೂರಿನ ತಿರುವು

ನಮ್ಮಲ್ಲಿ ಈ ವ್ಯಾಪಾರ ಬೇರೆಯೇ ದಾರಿ ಹಿಡಿಯಿತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದಂಗಡಿಯಾಗಿ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದು, ಕಾರ್ಡ್ ಇಲ್ಲದವರನ್ನೂ ಆನ್‌ಲೈನ್ ಗಿರಾಕಿಗಳಾಗಿಸಿತು. 2015ರಲ್ಲಿ ವಿದಿತ್ ಆತ್ರೇ ಮತ್ತು ಸಂಜೀವ್ ಬರ್ನವಾಲ್ ಇದೇ ನಗರದಲ್ಲಿ ಕಟ್ಟಿದ ಮೀಶೋ ವಾಟ್ಸ್‌ಆ್ಯಪ್ ಅನ್ನೇ ಅಂಗಡಿ ಮಾಡಿತು. ಸೀರೆ, ಕುರ್ತಾಗಳ ಚಿತ್ರವನ್ನು ಪರಿಚಿತರ ಗುಂಪಿಗೆ ಕಳಿಸಿ, ತಮ್ಮ ಲಾಭ ಸೇರಿಸಿ ಬೆಲೆ ಹೇಳಿ, ಆರ್ಡರ್ ಹಾಕುವ ರೀಸೆಲ್ಲರ್‌ಗಳಲ್ಲಿ ಮನೆಯಿಂದಲೇ ದುಡಿಯುವ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ಇಂಥದೇ ರೀಸೆಲ್ಲಿಂಗ್ ಆ್ಯಪ್ ಆದ ಗ್ಲೋರೋಡ್ ಕೂಡ ಬೆಂಗಳೂರಿನದೇ. ಅದನ್ನು 2022ರಲ್ಲಿ ಅಮೆಜಾನ್ ಕೊಂಡುಕೊಂಡಿತು.

ಈ ರೀಸೆಲ್ಲರ್‌ಗಳ ಬಂಡವಾಳ ಪರಿಚಯ ಮತ್ತು ವಿಶ್ವಾಸ. ಆದರೆ ಮೀಶೋ ಮುಂದೆ ನೇರವಾಗಿ ಗ್ರಾಹಕರಿಗೇ ಮಾರುವ ತಾಣವಾಗಿ ಬದಲಾಯಿತು. ಅದೇ ಸೀರೆ ಅದೇ ಆ್ಯಪಿನಲ್ಲಿ ಕಡಿಮೆ ಬೆಲೆಗೆ ಕಂಡಾಗ ನಡುವಿನವರ ಲಾಭಕ್ಕೆ ಜಾಗ ಉಳಿಯುವುದಿಲ್ಲ. ಒಂದೇ ತಾಣವನ್ನು ನೆಚ್ಚಿ ನಿಂತವರಿಗೆ ಈ ಅಪಾಯ ಯಾವಾಗಲೂ ಇದ್ದೇ ಇದೆ.

ಲಾಭ ಕರಗುವ ಜಾಗ

ತಲುಪದೆ ಹಿಂದಿರುಗುವ ಪಾರ್ಸೆಲ್ಲನ್ನು ವ್ಯಾಪಾರಿಗಳು ಆರ್‌ಟಿಓ ಎನ್ನುತ್ತಾರೆ. ತೆರಿಗೆ ಬದಿಗಿಟ್ಟು ಒಂದು ಲೆಕ್ಕ ಹಾಕೋಣ. 800 ರೂಪಾಯಿಗೆ ಮಾರುವ ವಸ್ತು. ಪೂರೈಕೆದಾರರಿಗೆ 350, ಕೊರಿಯರ್‌ಗೆ 80, ಜಾಹೀರಾತಿಗೆ 150. ನೂರಕ್ಕೆ ನೂರು ತಲುಪಿದರೆ ಲಾಭ 22,000 ರೂಪಾಯಿ. ಮೂವತ್ತು ಹಿಂದಿರುಗಿದರೆ, ಪೂರೈಕೆದಾರರು ಮಾಲು ವಾಪಸ್ ತೆಗೆದುಕೊಂಡರೂ, ಎರಡು ಕಡೆಯ ಕೊರಿಯರ್ ಸೇರಿ ಉಳಿಯುವುದು 6,100. ವಾಪಸ್ ತೆಗೆದುಕೊಳ್ಳದಿದ್ದರೆ 4,400 ರೂಪಾಯಿ ನಷ್ಟ. ಹಾಗಾಗಿ ಪೂರೈಕೆದಾರರೊಡನೆ ಬೆಲೆಗಿಂತ ಮೊದಲು ಮಾತಾಡಬೇಕಾದದ್ದು ವಾಪಸಾತಿಯ ಷರತ್ತು. ಮುಂಗಡ ಪಾವತಿಗೆ ಸ್ವಲ್ಪ ರಿಯಾಯಿತಿ ಕೊಡುವುದು ಈ ನಷ್ಟಕ್ಕಿಂತ ಅಗ್ಗ.

ಕಾನೂನೂ ಹೊಣೆಯನ್ನು ಮಾರಾಟಗಾರರ ಮೇಲೇ ಇರಿಸಿದೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ದೂರಿಗೆ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಯಾವ ದೇಶದಲ್ಲಿ ತಯಾರಾದದ್ದೆಂದು ತಿಳಿಸಬೇಕು. ದೋಷವಿರುವ ಸರಕನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿ ಬಿಟ್ಟರೆ, ಹೊರರಾಜ್ಯಕ್ಕೆ ಸರಕು ಮಾರಲು ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು. ಪೂರೈಕೆದಾರರು ನಿಮ್ಮ ಹೆಸರಿಗೆ ಬಿಲ್ ಬರೆದು ಗ್ರಾಹಕರ ವಿಳಾಸಕ್ಕೆ ಕಳಿಸಿದರೆ ಅದು ಎರಡು ಮಾರಾಟ. ನೀವು ಗ್ರಾಹಕರಿಗೆ ಬರೆಯುವ ಬಿಲ್ ಬೇರೆಯೇ ಇರಬೇಕು.

ಯಾವುದನ್ನು ಹಿಡಿಯಬೇಕು?

ಇಂದು ಕಣ್ಣೆದುರಿಗಿರುವ ದಾರಿಗಳು ನಾಲ್ಕು. ವಿದೇಶದಿಂದ ನೇರ ತರಿಸಿ ಮಾರುವುದು ಸುಂಕ, ವಿಳಂಬ, ವಾಪಸಾತಿಗಳ ದೆಸೆಯಿಂದ ಹೊಸಬರಿಗೆ ಒಗ್ಗುವುದಿಲ್ಲ. ರೀಸೆಲ್ಲಿಂಗ್ ಆ್ಯಪ್ ವ್ಯಾಪಾರ ಕಲಿಯಲು ಒಳ್ಳೆಯದು, ಆದರೆ ಅಲ್ಲಿ ಗಿರಾಕಿ ನಿಮ್ಮವರಾಗುವುದು ಕಷ್ಟ. ಆರ್ಡರ್ ಬಂದ ಮೇಲೆ ಅಂಗಿ, ಲೋಟಗಳ ಮೇಲೆ ಚಿತ್ರ ಅಚ್ಚು ಹಾಕಿಸಿ ಕಳಿಸುವ ಪ್ರಿಂಟ್ ಆನ್ ಡಿಮಾಂಡ್ ಮಾದರಿಯಲ್ಲಿ ವಿನ್ಯಾಸ ನಿಮ್ಮದೇ ಆದ್ದರಿಂದ ಬೆಲೆಯ ಪೈಪೋಟಿ ಕಡಿಮೆ. ಕನ್ನಡದ ಬರಹ, ಚಿತ್ರಗಳಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ.

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಹೋಗಿ ಕಂಡು ಮಾತಾಡಬಹುದಾದ ದೇಶೀ ತಯಾರಕರೊಂದಿಗಿನ ಒಪ್ಪಂದ. ಚನ್ನಪಟ್ಟಣದ ಬೊಂಬೆ, ಇಳಕಲ್ ಸೀರೆಗಳಂಥ ಭೌಗೋಳಿಕ ಸೂಚಕ ಪಡೆದ ವಸ್ತುಗಳನ್ನು ಕುಶಲಕರ್ಮಿಗಳ ಮನೆಯಿಂದಲೇ ಗ್ರಾಹಕರಿಗೆ ಕಳಿಸಬಹುದು. ಆದರೆ ನೇಯುವವರ ದುಡ್ಡು ಬಾಕಿ ಉಳಿಸಿಕೊಂಡು ನಡೆಸುವ ವ್ಯಾಪಾರ ಇದಾಗಬಾರದು. ಆರ್ಡರಿನ ದಿನವೇ ಅವರ ಹಣ ಅವರಿಗೆ ಸೇರಬೇಕು. ಚೆನ್ನಾಗಿ ಓಡುವ ನಾಲ್ಕಾರು ವಸ್ತುಗಳು ಗೊತ್ತಾದ ಮೇಲೆ ಅವನ್ನಷ್ಟೇ ಸ್ವಲ್ಪ ದಾಸ್ತಾನು ಮಾಡಿ ನೀವೇ ಕಳಿಸಿ. ಅಮೆಜಾನ್, ಜ಼ಾಪೋಸ್, ವೇಫೇರ್ ಮೂರೂ ಕೊನೆಗೆ ಗೋದಾಮಿನ ಕಡೆಗೇ ಬಂದವು.

ಈ ವ್ಯಾಪಾರಕ್ಕೆ ಕೈಹಾಕುವವರಲ್ಲಿ ಒಂದು ವಿನಂತಿ. ಜಾಹೀರಾತಿಗೆ ಒಂದು ರೂಪಾಯಿ ಹಾಕುವ ಮುಂಚೆ, ನೀವು ಮಾರಬೇಕೆಂದಿರುವ ವಸ್ತುವನ್ನು ಸಾಮಾನ್ಯ ಗಿರಾಕಿಯಂತೆ ನಿಮ್ಮ ಮನೆಗೇ ತರಿಸಿ. ಎಷ್ಟು ದಿನಕ್ಕೆ ಬಂತು, ಹೇಗೆ ಕಟ್ಟಿದ್ದರು, ಚಿತ್ರದಲ್ಲಿದ್ದಂತೆಯೇ ಇದೆಯೇ ಎಂದು ನೋಡಿ, ಆಮೇಲೆ ವಾಪಸ್ ಮಾಡಿ ಹಣ ಬರುತ್ತದೆಯೇ ಪರೀಕ್ಷಿಸಿ. ಆ ಅನುಭವ ನಿಮಗೆ ಒಪ್ಪಿಗೆಯಾಗದಿದ್ದರೆ ಆ ಪೂರೈಕೆದಾರರನ್ನು ಬಿಟ್ಟುಬಿಡಿ.