ವಿದ್ಯಾಪ್ರಾಂಗಣದ ನೆಲ ಮತ್ತು ಆರಾಧನಾಲಯ: ಒಂದು ನ್ಯಾಯಪ್ರಶ್ನೆಯ ವಿಕಾಸ

ಸಾರ್ವಜನಿಕ ವಿಶ್ವವಿದ್ಯಾನಿಲಯದ ಆವರಣದಲ್ಲಿ ಆರಾಧನಾಲಯವನ್ನು ಕಟ್ಟಬಹುದೇ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ತೀವ್ರವಾಗಿ ಎದ್ದಿತಾದರೂ, ಅದರ ಪೂರ್ವಚರಿತ್ರೆಯನ್ನು ಅರಸುವವರು ನಗರದ ಪೂರ್ವಭಾಗದಿಂದ ಹೊರಡುವುದು ಲೇಸು. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ನೆಲೆಗೊಂಡಾಗ ಸೋಮೇಶ್ವರನ ಪ್ರಾಚೀನ ಆಲಯ ಅಲ್ಲಿ ಆಗಲೇ ಇದ್ದಿತು. ಸೈನಿಕರ ಉಪಾಸನೆಗೆಂದು 1851ರಲ್ಲಿ ಟ್ರಿನಿಟಿ ಚರ್ಚು ಎದ್ದಿತು; ಇಂದಿನ ಶಿವಾಜಿನಗರದಲ್ಲಿ 1882ರಲ್ಲಿ ಸಂತ ಮೇರಿಯ ಚರ್ಚು ತಲೆಯೆತ್ತಿತು. ಆ ಕಾಲದಲ್ಲಿ ನೆಲದ ವಿನಿಯೋಗವು ಆಳುವವರ ಇಚ್ಛೆಗೆ ಅಧೀನವಾಗಿದ್ದಿತು. 1947ರ ಜುಲೈ 26ರಂದು ದಂಡುಪ್ರದೇಶ ಮೈಸೂರಿಗೆ ಮರಳಿ, ಅನಂತರ ಸಂವಿಧಾನವು ಜಾರಿಗೆ ಬಂದಮೇಲೆ, ಪ್ರಜೆಗಳೆಲ್ಲರಿಗೂ ಸೇರಿದ ನೆಲವೆಂಬ ಭಾವನೆಗೆ ನ್ಯಾಯದ ಆಧಾರ ದೊರೆಯಿತು.

ಸಂವಿಧಾನದ 25ನೆಯ ಅನುಚ್ಛೇದವು ಶ್ರದ್ಧೆಯ ಸ್ವಾತಂತ್ರ್ಯವನ್ನು ರಕ್ಷಿಸುತ್ತದೆ; 27ನೆಯದು ಯಾವುದೇ ಒಂದು ಧರ್ಮದ ಪೋಷಣೆಗಾಗಿ ತೆರಿಗೆ ತೆರುವಂತೆ ಯಾರನ್ನೂ ಬಲಾತ್ಕರಿಸಕೂಡದೆನ್ನುತ್ತದೆ; 28(1)ನೆಯದು ಸಂಪೂರ್ಣವಾಗಿ ಸರ್ಕಾರದ ದ್ರವ್ಯದಿಂದಲೇ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಆದರೆ ಬೋಧನೆಯ ನಿಷೇಧವು ಕಟ್ಟಡದ ಪ್ರಶ್ನೆಯನ್ನು ತಾನಾಗಿ ಬಗೆಹರಿಸದು. ಆದುದರಿಂದ ವಿವಾದವು ಕ್ರಮೇಣ ಶ್ರದ್ಧೆಯ ವಿಚಾರವನ್ನು ಬಿಟ್ಟು ನೆಲದ ಉದ್ದೇಶದ ವಿಚಾರದತ್ತ ಸರಿಯಿತು.

ಈ ಸರಿಯುವಿಕೆಗೆ ಬುನಾದಿಯನ್ನಿತ್ತದ್ದೂ ಬೆಂಗಳೂರೇ. ಉದ್ಯಾನಕ್ಕೆಂದು ಮೀಸಲಿಟ್ಟ ನೆಲವನ್ನು ಖಾಸಗಿ ಚಿಕಿತ್ಸಾಲಯಕ್ಕೆ ಕೊಟ್ಟುದು ಅಸಿಂಧುವೆಂದು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ತೀರ್ಮಾನಿಸಿತು. ಇಂದಿರಾನಗರದ ಉದ್ಯಾನಕ್ಕೂ ಕೃಷ್ಣರಾಜಪುರದ ಆಟದ ಬಯಲಿಗೂ ಅನ್ವಯಿಸುವ ಈ ತತ್ತ್ವ ವಿದ್ಯೆಗೆಂದು ಪಡೆದ ನೆಲಕ್ಕೆ ಅನ್ವಯಿಸದಿರಲು ಕಾರಣವಿಲ್ಲ. ಅದೇ ವರ್ಷದ ಆರಾಧನಾ ಸ್ಥಳಗಳ ಕಾಯಿದೆಯು, ಅಯೋಧ್ಯೆಯ ವಿವಾದವನ್ನು ಹೊರತುಪಡಿಸಿ, 1947ರ ಆಗಸ್ಟ್ 15ರಂದಿದ್ದ ಧಾರ್ಮಿಕ ಸ್ವರೂಪವನ್ನು ಕಾಪಾಡಿತೇ ಹೊರತು, ಹೊಸ ಅತಿಕ್ರಮಣಕ್ಕೆ ಆಶ್ರಯವನ್ನೀಯಲಿಲ್ಲ.

2006ರಲ್ಲಿ ವಡೋದರದಲ್ಲಿ ಹುಟ್ಟಿದ ವಿವಾದವು ಸರ್ವೋಚ್ಚ ನ್ಯಾಯಾಲಯವನ್ನೇರಿ, 2009ರ ಸೆಪ್ಟೆಂಬರ್ 29ರ ಆದೇಶಕ್ಕೆ ಕಾರಣವಾಯಿತು: ಬೀದಿ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ದೇವಾಲಯ, ಚರ್ಚು, ಮಸೀದಿ, ಗುರುದ್ವಾರಗಳ ಹೆಸರಿನಲ್ಲಿ ಅನಧಿಕೃತ ನಿರ್ಮಾಣಕ್ಕೆ ಇನ್ನು ಆಸ್ಪದವಿಲ್ಲ, ಹಳೆಯವನ್ನು ಒಂದೊಂದಾಗಿ ಪರಿಶೀಲಿಸಬೇಕು. 2018ರಲ್ಲಿ ಈ ಆದೇಶದ ಪಾಲನೆಯ ಮೇಲ್ವಿಚಾರಣೆಯು ಉಚ್ಚ ನ್ಯಾಯಾಲಯಗಳ ಪಾಲಿಗೆ ಬಂದಿತು. 2021ರಲ್ಲಿ ಈ ಆದೇಶದ ಪಾಲನೆಗೆಂದು ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಗುಡಿಯನ್ನು ಕೆಡವಿದಾಗ ಜನರ ಮನಸ್ಸು ನೊಂದು, ರಾಜ್ಯವು ಅಂದಿಗೆ ಅಸ್ತಿತ್ವದಲ್ಲಿದ್ದ ಕಟ್ಟಡಗಳ ಸಂರಕ್ಷಣೆಗೆ ಕಾಯಿದೆಯನ್ನು ರಚಿಸಿತು. ಮುಂದೆ ಸಾರ್ವಜನಿಕ ಸ್ಥಳದಲ್ಲಿ ಹೊಸದಕ್ಕೆ ಅನುಮತಿಯಿಲ್ಲವೆಂದೂ ಅದೇ ಕಾಯಿದೆ ನುಡಿಯಿತು.

ಮರುವರ್ಷವೇ ಈ ನುಡಿಗೆ ಪರೀಕ್ಷೆ ಒದಗಿತು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದಲ್ಲಿ, ಮಲ್ಲತ್ತಹಳ್ಳಿಯ ಕಡೆಯ ರಸ್ತೆ ವಿಸ್ತರಣೆಯಿಂದ ಸ್ಥಳಾಂತರಗೊಳ್ಳಬೇಕಾದ ಗಣಪತಿಯ ಗುಡಿಗಾಗಿ ಹೊಸ ನಿರ್ಮಾಣ ಆರಂಭವಾದಾಗ, ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು. ಹಳೆಯ ಗುಡಿಯ ಭಕ್ತರ ಭಾವನೆ ಗೌರವಾರ್ಹವೇ. ಆದರೆ ಸ್ಥಳಾಂತರವು ವಿದ್ಯೆಯ ನೆಲದೊಳಕ್ಕೇ ಆಗಬೇಕೆಂಬುದು ಆ ಗೌರವದಿಂದ ಫಲಿಸುವ ಹಕ್ಕಲ್ಲ. 2023ರಲ್ಲಿ, ಅಲಹಾಬಾದ್ ಉಚ್ಚ ನ್ಯಾಯಾಲಯದ ಆವರಣದ ಮಸೀದಿಯನ್ನು ತೆರವುಗೊಳಿಸಲು ಮೂರು ತಿಂಗಳ ಅವಧಿಯನ್ನಿತ್ತು, ಪರ್ಯಾಯ ಭೂಮಿಗಾಗಿ ಸರ್ಕಾರವನ್ನು ಕೇಳಿಕೊಳ್ಳಲು ಅವಕಾಶವನ್ನೂ ಕೊಟ್ಟ ಸರ್ವೋಚ್ಚ ನ್ಯಾಯಾಲಯವು, ಗೌರವ ಮತ್ತು ಹಕ್ಕುಗಳ ನಡುವಣ ಈ ಭೇದವನ್ನೇ ಪಾಲಿಸಿತೆನ್ನಬಹುದು.

ಇಂತಹ ಪ್ರಶ್ನೆಗೆ ಇಟ್ಟಿಗೆಯ ಮೊದಲ ಸಾಲು ಏಳುವ ಮುನ್ನವೇ ಉತ್ತರ ಸಿದ್ಧವಾಗಿರಬೇಕು. ಪ್ರತಿಯೊಂದು ವಿಶ್ವವಿದ್ಯಾನಿಲಯವೂ ತನ್ನ ನೆಲವನ್ನು ಅಳತೆಮಾಡಿಸಿ, ಇರುವ ಆರಾಧನಾಸ್ಥಳಗಳ ಚರಿತ್ರೆಯನ್ನು ದಾಖಲಿಸಿ, ಸಿಂಡಿಕೇಟಿನ ಬಹಿರಂಗ ನಿರ್ಣಯದ ಮೂಲಕ ಎಲ್ಲ ಧರ್ಮಗಳಿಗೂ ಸಮನಾದ ಒಂದೇ ನಿಯಮವನ್ನು ವಿಧಿಸಿಕೊಳ್ಳಲಿ. ಕೆಡಹುವ ದುಃಖವನ್ನೂ ಕಟ್ಟುವ ಹಟವನ್ನೂ ತಪ್ಪಿಸುವ ದಾರಿ ಅದೊಂದೇ.