ಪಹಣಿ ಹರಿದರೆ ಹೊಲ ಹೋಗಲ್ಲ

2010ರ ಜುಲೈ. ಪರೀಕ್ಷೆ ಮುಗಿಸಿ ಹಾಸನದ ಮನೆಗೆ ಬಂದಿದ್ದೆ. ಹೊರಗೆ ಜಡಿಮಳೆ. 80 ಜಿಬಿ ಹಾರ್ಡ್ ಡಿಸ್ಕಿನ ನಮ್ಮ ಹಳೇ ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಜಾಗ ಸಾಲ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದೆ. ಸಿ ಇದೆ, ಡಿ ಇದೆ, ಪಕ್ಕದಲ್ಲಿ 'ಅನ್‌ನೋನ್' ಅಂತ ಒಂದು ತುಂಡು. ಅದು ನಾನೇ ಹಾಕಿಕೊಂಡಿದ್ದ ಉಬುಂಟು. ಆಗೆಲ್ಲ ಕೇಳಿದವರಿಗೆ ಉಬುಂಟು ಸಿಡಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸ್ತಿದ್ದರು, ನೆನಪಿದೆಯಾ? ತರಿಸಿ, ಹಾಕಿ, ನಾಲ್ಕು ದಿನ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡು ಆಮೇಲೆ ಮರೆತಿದ್ದೆ. ಇದನ್ನು ತೆಗೆದರೆ ಹತ್ತು ಜಿಬಿ ಸಿಗುತ್ತಲ್ಲ ಅನ್ನಿಸಿತು. ರೈಟ್ ಕ್ಲಿಕ್, ಡಿಲೀಟ್, ಯೆಸ್. ರೀಸ್ಟಾರ್ಟ್.

ಕಪ್ಪು ಪರದೆ. 'ಎರರ್: ನೋ ಸಚ್ ಪಾರ್ಟಿಶನ್' ಅಂತ ಒಂದು ಸಾಲು. ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಅನ್ನೋ ಎರಡು ಪದ, ಪಕ್ಕದಲ್ಲಿ ಮಿಟುಕುತ್ತಾ ಕೂತ ಕರ್ಸರ್. ಅಷ್ಟೇ. ವಿಂಡೋಸೂ ಇಲ್ಲ, ಉಬುಂಟೂ ಇಲ್ಲ.

ಕಾಫಿ ತಂದ ಅಮ್ಮ ನನ್ನ ಮುಖ ನೋಡಿ, "ಏನಾಯ್ತೋ?" ಅಂದಳು.

"ಆನ್ ಆಗ್ತಿಲ್ಲಮ್ಮ."

ಲೋಟ ಇಟ್ಟು ಒಂದು ಕ್ಷಣ ನಿಂತಳು. "ಅದರಲ್ಲೇ ಅಲ್ವೇನೋ ಅಜ್ಜಿ ಹಾಡಿರೋದು?"

ನನಗೆ ಕೈಕಾಲು ತಣ್ಣಗಾಯಿತು. ಹಿಂದಿನ ವರ್ಷ ಅಮ್ಮ ತನ್ನ ಮೊಬೈಲಿನಲ್ಲಿ ಅಜ್ಜಿಯ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿದ್ದಳು. ಒಟ್ಟು 23. ಮೊಬೈಲಿನ ಮೆಮೊರಿ ಕಾರ್ಡ್ ತುಂಬಿದಾಗ ನಾನೇ ಅವನ್ನೆಲ್ಲ ಡಿ ಡ್ರೈವಿಗೆ ಹಾಕಿ ಕಾರ್ಡ್ ಖಾಲಿ ಮಾಡಿದ್ದೆ. ಆ ಶಿವರಾತ್ರಿಯ ಹೊತ್ತಿಗೆ ಅಜ್ಜಿ ಹೋದರು. ಬೇರೆ ಕಾಪಿ ಎಲ್ಲೂ ಇರಲಿಲ್ಲ.

ಸಿಪಿಯುಗೆ ಪ್ಲಾಸ್ಟಿಕ್ ಸುತ್ತಿ ಆಟೋದಲ್ಲಿ ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದವನು ಪರದೆ ನೋಡಿದ್ದೇ ತಡ, "ಫಾರ್ಮ್ಯಾಟ್ ಹೊಡೀಬೇಕು ಗುರು. ಮುನ್ನೂರಾಗುತ್ತೆ. ಡಾಟಾ ಸಿಗಲ್ಲ" ಅಂದ. ದಿನಕ್ಕೆ ಹತ್ತು ಮೆಷಿನ್ ನೋಡೋನಿಗೆ ಅದೇ ಹತ್ತಿರದ ದಾರಿ, ಅವನನ್ನು ದೂರಲ್ಲ. ನಾನೂ ಹೂಂ ಅನ್ನೋದರಲ್ಲಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯ್ತು. ಸಂಜೆ ಬನ್ನಿ ಅಂದ. ಸಿಪಿಯು ಹೊತ್ತು ಮನೆಗೆ ವಾಪಸ್ ಬಂದೆ.

ಆ ಕರೆಂಟ್ ಕಟ್ಟಿಗೆ ನಾನು ಇವತ್ತಿಗೂ ಋಣಿ. ಯಾಕೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರ್ 'ಬೂಟ್' ಆಗುತ್ತೆ ಅಂತೀವಲ್ಲ, ಆ ಪದ ಬಂದಿದ್ದು ಕಾಲಿನ ಬೂಟಿನಿಂದಲೇ. ಬೂಟು ಎಳೆದು ಹಾಕಿಕೊಳ್ಳಲು ಅದರ ಹಿಂದೆ ಒಂದು ಪಟ್ಟಿ ಇರುತ್ತೆ, ಬೂಟ್‌ಸ್ಟ್ರ್ಯಾಪ್. ಅದನ್ನು ಹಿಡಿದು ತನ್ನನ್ನು ತಾನೇ ನೆಲದಿಂದ ಮೇಲಕ್ಕೆತ್ತಿಕೊಳ್ಳೋದು ಅಂದರೆ ಇಂಗ್ಲಿಷಿನವರಿಗೆ ಆಗದ ಹೋಗದ ಕೆಲಸ. ಕಂಪ್ಯೂಟರಿನ ಕಷ್ಟವೂ ಇದೇ. ಡಿಸ್ಕಿನಿಂದ ಪ್ರೋಗ್ರಾಮ್ ಓದಿಕೊಳ್ಳಲು ಒಂದು ಪ್ರೋಗ್ರಾಮ್ ಬೇಕು. ಆ ಪ್ರೋಗ್ರಾಮನ್ನು ಓದಿಕೊಡೋರು ಯಾರು?

1975ರ ಆಲ್ಟೇರ್ 8800 ಕಂಪ್ಯೂಟರಿನಲ್ಲಿ ಈ ಪ್ರಶ್ನೆಗೆ ಉತ್ತರ ಮನುಷ್ಯನ ಬೆರಳು. ಮುಂದಿನ ಫಲಕದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಮೊದಲ ಪುಟ್ಟ ಪ್ರೋಗ್ರಾಮನ್ನು ಕೈಯಾರೆ ತುಂಬಬೇಕಿತ್ತು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಈ ಯಂತ್ರಕ್ಕಾಗಿ ಬೇಸಿಕ್ ಭಾಷೆಯನ್ನು ಬರೆದರು. ಅದನ್ನು ತೋರಿಸಲು ಆಲನ್ ಆಲ್ಬುಕರ್ಕಿಗೆ ವಿಮಾನ ಹತ್ತಿದಾಗ ಒಂದು ವಿಷಯ ಹೊಳೆಯಿತು: ಬೇಸಿಕ್ಕನ್ನು ಯಂತ್ರದೊಳಗೆ ಇಳಿಸೋ ಬೂಟ್‌ಸ್ಟ್ರ್ಯಾಪ್ ಪ್ರೋಗ್ರಾಮನ್ನೇ ಬರೆದಿರಲಿಲ್ಲ! ವಿಮಾನದಲ್ಲೇ ಕೂತು ಬರೆದು ಮುಗಿಸಿದರು. ಮುಂದೆ ಮೈಕ್ರೋಸಾಫ್ಟ್ ಕಟ್ಟಿದವರೇ ಬೂಟ್ ಆಗೋದನ್ನು ಮರೆತಿದ್ದರು ಅನ್ನೋದು ನನ್ನಂಥವರಿಗೆ ದೊಡ್ಡ ಸಮಾಧಾನ.

1981ರಲ್ಲಿ ಐಬಿಎಂ ಪಿಸಿ ಬಂತು. ಬೆರಳಿನ ಕೆಲಸವನ್ನು ಚಿಪ್ಪಿನಲ್ಲಿ ಬರೆದಿಟ್ಟ ಬಯೋಸ್ ವಹಿಸಿಕೊಂಡಿತು. ಅದು ಮಾಡೋದು ಇಷ್ಟೇ: ಫ್ಲಾಪಿಯ ಮೊಟ್ಟಮೊದಲ ಸೆಕ್ಟರಿನ 512 ಬೈಟುಗಳನ್ನು ಮೆಮೊರಿಗೆ ಎತ್ತಿಟ್ಟು, ಇನ್ನು ನೀನೇ ನೋಡ್ಕೋ ಅಂತ ಕೈ ತೊಳೆದುಕೊಳ್ಳೋದು. ಆ ಪಿಸಿ ಹಾರ್ಡ್ ಡಿಸ್ಕ್ ಇಲ್ಲದೆ ಬಂದಿತ್ತು, ಹಾಗಾಗಿ ಪಾಲು ಮಾಡೋ ಮಾತೇ ಇರಲಿಲ್ಲ.

ಪಾಲಿನ ಮಾತು ಬಂದಿದ್ದು 1983ರ ಮಾರ್ಚಿನಲ್ಲಿ, ಐಬಿಎಂ ಪಿಸಿ ಎಕ್ಸ್‌ಟಿ ಜೊತೆ. ಅದರೊಳಗೆ 10 ಎಂಬಿಯ ಹಾರ್ಡ್ ಡಿಸ್ಕ್ ಇತ್ತು. ಇವತ್ತು ಮೊಬೈಲಿನಲ್ಲಿ ತೆಗೆದ ಎರಡು ಮೂರು ಫೋಟೋಗೆ ತುಂಬಿಹೋಗೋವಷ್ಟು ಜಾಗ, ಆಗ ಅದೇ ಸಾಮ್ರಾಜ್ಯ. ಆ ಕಾಲದ ಐಬಿಎಂ ಪಿಸಿಗೆ ಪಿಸಿ ಡಾಸ್ ಅಲ್ಲದೆ ಸಿಪಿ/ಎಂ-86, ಯುಸಿಎಸ್‌ಡಿ ಪಿ-ಸಿಸ್ಟಮ್ ಅಂತ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳೂ ಇದ್ದವು. ಒಂದೇ ಡಿಸ್ಕಿನಲ್ಲಿ ಇವೆಲ್ಲ ಜಗಳವಿಲ್ಲದೆ ಬಾಳಬೇಕು ಅಂದರೆ ಗಡಿ ಹಾಕಲೇಬೇಕು. ಪಿಸಿ ಡಾಸ್ 2.0 ಜೊತೆ ಬಂದ ಎಫ್‌ಡಿಸ್ಕ್ ಮಾಡಿದ್ದು ಆ ಕೆಲಸ.

ಗಡಿಯ ದಾಖಲೆ ಎಲ್ಲಿಡೋದು? ಅದೇ ಮೊದಲ ಸೆಕ್ಟರಿನಲ್ಲಿ. 512 ಬೈಟಿನಲ್ಲಿ 446 ಬೈಟು ಬೂಟ್ ಕೋಡಿಗೆ. 64 ಬೈಟು ಪಾರ್ಟಿಶನ್ ಟೇಬಲ್ಲಿಗೆ. ಕೊನೆಯ 2 ಬೈಟು ಸಹಿ. ಇದೇ ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್. ಆ 64ರಲ್ಲಿ ತಲಾ 16 ಬೈಟಿನ ನಾಲ್ಕೇ ಸಾಲು. ಒಂದೊಂದು ಸಾಲಿನಲ್ಲೂ ಪಾಲು ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆಯದು, ಬೂಟ್ ಆಗೋದು ಇದರಿಂದಲೋ ಅಲ್ಲವೋ ಅನ್ನೋ ವಿವರ.

ಊರಲ್ಲಿ ಜಮೀನಿರೋರಿಗೆ ಇದು ತಕ್ಷಣ ಅರ್ಥವಾಗುತ್ತೆ. ಇದು ಪಹಣಿ. ಸರ್ವೆ ನಂಬರ್, ವಿಸ್ತೀರ್ಣ, ಯಾರ ಹೆಸರು, ಏನು ಬೆಳೆ. ಪಹಣಿ ಅನ್ನೋದು ಕಾಗದ. ಹೊಲ ಅನ್ನೋದು ಹೊಲ. ಕಾಗದ ಹರಿದರೆ ತಾಲ್ಲೂಕು ಕಚೇರಿಯಲ್ಲಿ ನಿಮಗೆ ಪರದಾಟ ತಪ್ಪಲ್ಲ. ಹಾಗಂತ ಹೊಲದಲ್ಲಿರೋ ರಾಗಿ ಎದ್ದು ಓಡಿಹೋಗಲ್ಲ.

ನಾಲ್ಕು ಸಾಲು ಸಾಲದೆ ಬಂದಾಗ 1987ರ ಡಾಸ್ 3.3ರಲ್ಲಿ ಪಾಲಿನೊಳಗೆ ಪಾಲು ಮಾಡೋ 'ಎಕ್ಸ್‌ಟೆಂಡೆಡ್ ಪಾರ್ಟಿಶನ್' ಬಂತು. ನಮ್ಮ ಡಿ ಡ್ರೈವ್ ಇದ್ದಿದ್ದು ಅದರಲ್ಲೇ. ನಂತರ ವೈರಸ್ಸುಗಳ ಕಣ್ಣೂ ಈ ಮೊದಲ ಸೆಕ್ಟರಿನ ಮೇಲೆ ಬಿತ್ತು. ಮೈಕೆಲ್ಯಾಂಜೆಲೊ ಅನ್ನೋ ವೈರಸ್ 1992ರ ಮಾರ್ಚ್ 6ರಂದು, ಆ ಕಲಾವಿದನ ಹುಟ್ಟುಹಬ್ಬದ ದಿನ, ಡಿಸ್ಕಿನ ಶುರುವಿನ ಭಾಗವನ್ನೇ ಅಳಿಸುತ್ತೆ ಅಂತ ಲೋಕವೆಲ್ಲ ಹೆದರಿತ್ತು. ಅದಕ್ಕೆ ಮುಂಚೆಯೇ, 1991ರ ಡಾಸ್ 5ರಲ್ಲಿ, ಕೈಪಿಡಿಯಲ್ಲಿ ಎಲ್ಲೂ ಬರೆಯದ ಒಂದು ಆಜ್ಞೆ ಸೇರಿಕೊಂಡಿತ್ತು: 'ಎಫ್‌ಡಿಸ್ಕ್ ಸ್ಲ್ಯಾಶ್ ಎಂಬಿಆರ್'. ಪಾಲಿನ ಪಟ್ಟಿಯನ್ನು ಬಿಟ್ಟು ಬೂಟ್ ಕೋಡನ್ನು ಮಾತ್ರ ಹೊಸದಾಗಿ ಬರೆಯೋ ಈ ಆಜ್ಞೆ ಅಜ್ಜಿಮದ್ದಿನ ಹಾಗೆ ಬಾಯಿಂದ ಬಾಯಿಗೆ ಹರಡಿತು.

ಲಿನಕ್ಸ್ ಬಂದಮೇಲೆ ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ ಮತ್ತೆ ಮಾಮೂಲಿಯಾಯಿತು. ಮೊದಲು ಲಿಲೋ ಇತ್ತು. ಅದು ಲಿನಕ್ಸ್ ಕರ್ನೆಲ್ ಡಿಸ್ಕಿನ ಯಾವ ಯಾವ ಬ್ಲಾಕಿನಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಳ್ತಿತ್ತು. ಕರ್ನೆಲ್ ಜಾಗ ಬದಲಿಸಿದರೆ ಲಿಲೋ ಆಜ್ಞೆಯನ್ನು ಮತ್ತೆ ಓಡಿಸಬೇಕು, ಮರೆತರೆ ಬೂಟ್ ಇಲ್ಲ. ಏಳುವಾಗ ತನ್ನ ಹೆಸರಿನ ನಾಲ್ಕು ಅಕ್ಷರವನ್ನು ಒಂದೊಂದಾಗಿ ಪರದೆಗೆ ಹಾಕ್ತಿತ್ತು. ಎರಡನೇ ಅಕ್ಷರಕ್ಕೆ ನಿಂತರೆ ತೊಂದರೆ ಎಲ್ಲಿದೆ ಅಂತ ಬಲ್ಲವರು ಅಲ್ಲೇ ಹೇಳ್ತಿದ್ದರು. ಲಿಲೋದ ಜಾಗಕ್ಕೆ ಬಂದದ್ದು ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಶುರುಮಾಡಿದ್ದು. ಫೈಲ್ ಸಿಸ್ಟಮನ್ನು ತಾನೇ ಓದಬಲ್ಲ ಜಾಣ.

ಆ ಜಾಣತನ 446 ಬೈಟಿನಲ್ಲಿ ಹಿಡಿಸುತ್ತಾ? ಇಲ್ಲ. ಅದಕ್ಕೇ ಗ್ರಬ್ ಮೂರು ಕಡೆ ಹಂಚಿಕೊಂಡು ಕೂರುತ್ತೆ. ಚೂರು ಎಂಬಿಆರ್‌ನಲ್ಲಿ. ಇನ್ನೊಂದಷ್ಟು, ಎಂಬಿಆರ್ ಮುಗಿದು ಮೊದಲ ಪಾರ್ಟಿಶನ್ ಶುರುವಾಗೋ ನಡುವಿನ ಬೀಳು ಜಾಗದಲ್ಲಿ. ಮೆನು, ಮಾಡ್ಯೂಲು ಇತ್ಯಾದಿ ಉಳಿದದ್ದೆಲ್ಲ ಲಿನಕ್ಸ್ ಪಾರ್ಟಿಶನ್ನಿನಲ್ಲಿ.

ಈಗ ನಾನು ಮಾಡಿದ್ದು ಏನು ಅಂತ ನಿಮಗೇ ತಿಳೀತಲ್ವಾ? ಮೂರನೇ ತುಂಡನ್ನು ಅಳಿಸಿದ್ದೆ. ಮೊದಲ ಎರಡು ತುಂಡು ಎದ್ದು, ಮೂರನೆಯದನ್ನು ಹುಡುಕಿ, ಕಾಣದೆ, 'ಅಂಥ ಪಾರ್ಟಿಶನ್ ಇಲ್ಲ' ಅಂತ ಹೇಳಿ ಬಾಗಿಲಲ್ಲೇ ನಿಂತಿದ್ದವು. ವಿಂಡೋಸ್ ಒಳಗೆ ಸುಖವಾಗಿ ಮಲಗಿತ್ತು. ಅಜ್ಜಿಯ ಹಾಡೂ ಅಷ್ಟೇ. ಹೋಗಿದ್ದು ದಾರಿ ಮಾತ್ರ. ಅಂಗಡಿಯವನ ಫಾರ್ಮ್ಯಾಟ್ ಅಂದರೆ, ಪಹಣಿ ಹರಿದಿದೆ ಅಂತ ಹೊಲಕ್ಕೆ ನೇಗಿಲು ಹೂಡಿಸಿದ ಹಾಗೆ.

ಇದರಲ್ಲಿ ಬಹುಪಾಲು ಆ ದಿನ ನನಗೆ ಗೊತ್ತಿರಲಿಲ್ಲ, ಆಮೇಲೆ ಓದಿಕೊಂಡದ್ದು. ಕರೆಂಟ್ ಬರೋ ತನಕ ಸುಮ್ಮನೆ ಕೂತಿದ್ದಾಗ ಟೇಬಲ್ಲಿನ ಖಾನೆಯಲ್ಲಿ ಉಬುಂಟು ಸಿಡಿ ಕಣ್ಣಿಗೆ ಬಿತ್ತು. ಇನ್‌ಸ್ಟಾಲ್ ಮಾಡದೆ ಸಿಡಿಯಿಂದಲೇ ಓಡಿಸಬಹುದು ಅನ್ನೋದೊಂದು ನೆನಪಿತ್ತು. ಕ್ಲಾಸ್ ನಾಪರ್ 2000ದಲ್ಲಿ ಹೊರತಂದ ನಾಪಿಕ್ಸ್‌ನಿಂದ ಜನಪ್ರಿಯವಾದ ಉಪಾಯ ಅದು. ಕರೆಂಟ್ ಬಂದ ಮೇಲೆ ಸಿಡಿ ಹಾಕಿದೆ. 'ಟ್ರೈ ಉಬುಂಟು' ಒತ್ತಿದೆ. ಐದು ನಿಮಿಷ ಸಿಡಿ ಗರಗರ ತಿರುಗಿತು. ಮೇಲಿನ ಮೆನುವಿನಲ್ಲಿ ಡಿಸ್ಕಿನ ಪಾಲುಗಳ ಪಟ್ಟಿ ಬಂತು. ಡಿ ತೆರೆದೆ. 'ಅಜ್ಜಿ' ಅನ್ನೋ ಫೋಲ್ಡರ್ ಅಲ್ಲೇ ಇತ್ತು.

ಮೊದಲು ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡೆ. ಆಮೇಲೆ ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, 'ಆರ್' ಒತ್ತಿ ರಿಕವರಿ ಕನ್ಸೋಲಿಗೆ ಹೋಗಿ 'ಫಿಕ್ಸ್‌ಎಂಬಿಆರ್' ಟೈಪ್ ಮಾಡಿದೆ. ಡಾಸ್ ಕಾಲದ ಆ ಅಜ್ಜಿಮದ್ದಿನ ಮೊಮ್ಮಗು ಅದು. ನಿಮ್ಮ ಪಾರ್ಟಿಶನ್ ಟೇಬಲ್ ಹಾಳಾಗಬಹುದು ಅಂತ ಅದು ಹೆದರಿಸಿತು. ಹಾಡು ಜೇಬಿನಲ್ಲಿತ್ತು, 'ವೈ' ಒತ್ತಿದೆ. ರೀಸ್ಟಾರ್ಟ್ ಮಾಡಿದರೆ ಎಕ್ಸ್‌ಪಿ ಲೋಗೋ.

ಹಾಗಾದರೆ ಡಿ ಡ್ರೈವನ್ನೇ ಡಿಲೀಟ್ ಮಾಡಿದ್ದರೆ? ಆಗಲೂ ಪೂರ್ತಿ ಕತೆ ಮುಗಿದಂತಲ್ಲ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಅನ್ನೋ ಉಚಿತ ತಂತ್ರಾಂಶ ಇದೆ. ಅದು ಹಳೇ ಸರ್ವೆಯವನ ಹಾಗೆ ಡಿಸ್ಕಿನುದ್ದಕ್ಕೂ ನಡೆದು, ಪ್ರತಿ ಫೈಲ್ ಸಿಸ್ಟಮ್ ತನ್ನ ಗಡಿಯಲ್ಲಿ ಬಿಟ್ಟ ಬಾಂದುಕಲ್ಲುಗಳನ್ನು ಹುಡುಕಿ, ಪಹಣಿಯನ್ನು ಹೊಸದಾಗಿ ಬರೆಯುತ್ತೆ. ಷರತ್ತು ಒಂದೇ: ಆ ಜಾಗದ ಮೇಲೆ ನೀವು ಹೊಸದೇನೂ ಬರೆದಿರಬಾರದು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಂಬಿಆರ್ ಬಹುಮಟ್ಟಿಗೆ ಹೋಗಿದೆ. ಅದರ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ ಇದ್ದದ್ದು 32 ಬಿಟ್. 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ 2 ಟಿಬಿಗೆ ಅದರ ಕೈ ಮುಗಿಯುತ್ತೆ. ಇಂಟೆಲ್ 1990ರ ದಶಕದ ಕೊನೆಯಲ್ಲಿ ಇಟೇನಿಯಂ ಯಂತ್ರಗಳಿಗಾಗಿ ಶುರುಮಾಡಿದ ಇಎಫ್‌ಐ, ಮುಂದೆ ಯುಇಎಫ್‌ಐ ಆಯಿತು. ಅದರ ಜೊತೆ ಬಂದದ್ದು ಜಿಪಿಟಿ ಎಂಬ ಹೊಸ ಪಟ್ಟಿ. ಇದರಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಜಾಗ. ಎಲ್ಲಕ್ಕಿಂತ ಒಳ್ಳೇದು, ಪಹಣಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತೆ.

ಹಾಗಂತ ಮೈಮರೆಯೋ ಹಾಗಿಲ್ಲ. ಬೂಟ್ ಫೈಲುಗಳು ಈಗ ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಅನ್ನೋ ಪುಟ್ಟ ಪಾಲಿನಲ್ಲಿರುತ್ತವೆ. "ಇದೇನಿದು 100 ಎಂಬಿ, ದಂಡ" ಅಂತ ಅದನ್ನು ಅಳಿಸಿದರೆ, ಸಿ ಡ್ರೈವ್ ಕಲ್ಲುಗುಂಡಿನಂತಿದ್ದರೂ ವಿಂಡೋಸ್ ಏಳಲ್ಲ. ಲಿನಕ್ಸ್ ಪಾಲನ್ನು ಅಳಿಸಿ ಗ್ರಬ್ ಮುಂದೆ ಸಿಕ್ಕಿಹಾಕಿಕೊಂಡರೆ, ಆನ್ ಮಾಡುವಾಗ ಬೂಟ್ ಮೆನು ತೆರೆದು 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು. ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಪಾಲು ಮುಟ್ಟೋ ಮುಂಚೆ ಅದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಎಸ್‌ಎಸ್‌ಡಿಯಲ್ಲಿ ಇನ್ನೊಂದು ಅಪಾಯ ಇದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ 'ಈ ಜಾಗ ಖಾಲಿ' ಅನ್ನೋ ಟ್ರಿಮ್ ಸೂಚನೆ ಹೋಗಿ, ಹಳೇ ಡೇಟಾ ನಿಜವಾಗಿಯೂ ಅಳಿಸಿಹೋಗಬಹುದು. ಅಲ್ಲಿ ಫಾರ್ಮ್ಯಾಟ್ ಅಂದರೆ ಬರೀ ನೇಗಿಲಲ್ಲ, ಜೆಸಿಬಿ.

ಪಾರ್ಟಿಶನ್ ಬದಲಿಸಿ ಬೂಟ್ ಆಗಲಿಲ್ಲ ಅಂತ ಈಗ ಯಾರಾದರೂ ರಾತ್ರಿ ಫೋನ್ ಮಾಡಿದರೆ ನಾನು ಹೇಳೋದು ಮೊದಲು ಇಷ್ಟು: ಏನನ್ನೂ ಬರೀಬೇಡ, ಏನನ್ನೂ ಫಾರ್ಮ್ಯಾಟ್ ಮಾಡಬೇಡ. ಲೈವ್ ಪೆನ್ ಡ್ರೈವಿನಿಂದ ಬೂಟ್ ಮಾಡಿ ಹೊಲ ಇದೆಯಾ ನೋಡು. ಇದ್ದರೆ ಮೊದಲು ಬೆಳೆ ಒಳಗೆ ತಂದುಕೋ. ಪಹಣಿಯನ್ನು ಬೆಳಿಗ್ಗೆ ಸರಿ ಮಾಡಿದರಾಯಿತು.

ಅವತ್ತು ಸಂಜೆ ಅಂಗಡಿಗೆ ಹೋಗಲಿಲ್ಲ. ಸ್ಪೀಕರ್ ಹಚ್ಚಿ ಮೊದಲ ಪದ ಹಾಕಿದೆ. ಅಜ್ಜಿ ನಡುವೆ ಕೆಮ್ಮಿ, "ಬಂತಾ?" ಅಂತ ಕೇಳೋದು ಅದರಲ್ಲಿದೆ. ಅಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಕೇಳಿದಳು. ಪದ ಮುಗಿದ ಮೇಲೆ, "ಎಲ್ಲಾ ಇದೆಯೇನೋ? ಎಣಿಸು" ಅಂದಳು. ಎಣಿಸಿದೆ. 23.