ನೋಟದ ನೆಲೆ

ನಮ್ಮ ಭಾಷೆಯಲ್ಲಿ ‘ನೋಡು’, ‘ಕಾಣು’ ಎಂದು ಎರಡು ಧಾತುಗಳಿವೆ. ನೋಡಿದ್ದೆಲ್ಲ ಕಾಣುವುದಿಲ್ಲ, ನೋಡಿದವರೆಲ್ಲ ಕಂಡವರೂ ಅಲ್ಲ. ನೋಡುವುದಕ್ಕೆ ಕಣ್ಣು ಸಾಕು. ಕಾಣುವುದಕ್ಕೆ ಕಣ್ಣಿನಾಚೆಯ ವ್ಯಾಪಾರವೊಂದು ನಡೆಯಬೇಕು. ಕಾಡು, ಕಡಲು, ಬೆಟ್ಟ, ಬೀದಿಗಳನ್ನು ಮನುಷ್ಯನು ಕಾಣುವುದು ಎಲ್ಲಿ, ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ನೂರು ವರ್ಷಕ್ಕೂ ಮೀರಿದ್ದು. ಅದರ ಮೊದಲ ಅಧ್ಯಾಯ ನಡೆದದ್ದು ರಣರಂಗದ ನೆರಳಿನಲ್ಲಿ.

೧೯೦೪-೦೫ರಲ್ಲಿ ರಷ್ಯಕ್ಕೂ ಜಪಾನಿಗೂ ಯುದ್ಧವಾಯಿತು. ಅಂದಿನ ರಷ್ಯನ್ ಬಂದೂಕಿನ ಗುಂಡು ಸಣ್ಣದು, ಅದರ ವೇಗ ಹೆಚ್ಚು. ಎಷ್ಟೋ ಸಲ ಅದು ತಲೆಬುರುಡೆಯನ್ನು ಚೂರುಮಾಡದೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತಿತ್ತು. ಹಾಗೆ ಗಾಯಗೊಂಡೂ ಬದುಕಿ ಉಳಿದ ಸೈನಿಕರ ದೃಷ್ಟಿ ಎಷ್ಟು ನಷ್ಟವಾಗಿದೆಯೆಂದು ಪರೀಕ್ಷಿಸುವ ಕೆಲಸ, ಅವರ ಪಿಂಚಣಿಯ ನಿರ್ಣಯಕ್ಕಾಗಿ, ತತ್ಸುಜಿ ಇನೊಯೆ ಎಂಬ ತರುಣ ನೇತ್ರವೈದ್ಯರ ಪಾಲಿಗೆ ಬಂತು. ಗುಂಡು ಹೊಕ್ಕ ಎಡೆ, ಹೊರಟ ಎಡೆ ಎರಡನ್ನೂ ಅಳೆದು, ಮಿದುಳಿನೊಳಗೆ ಅದು ಹಾದ ದಾರಿಯನ್ನು ಅವರು ಲೆಕ್ಕಹಾಕಿದರು. ಆ ಸೈನಿಕನ ನೋಟದಲ್ಲಿ ಯಾವ ಭಾಗಕ್ಕೆ ಕತ್ತಲೆ ಕವಿದಿದೆಯೆಂಬುದರೊಡನೆ ಅದನ್ನು ಹೋಲಿಸಿದರು. ತಲೆಯ ಹಿಂಬದಿಯಲ್ಲಿ, ಮಿದುಳಿನ ಮೇಲ್ಪದರದ ಮೇಲೆ, ಎದುರಿನ ನೋಟದ ನಕ್ಷೆಯೊಂದು ಹರಡಿಕೊಂಡಿದೆ, ನೋಟದ ನಟ್ಟನಡುವಿನ ಭಾಗಕ್ಕೆ ಅದರಲ್ಲಿ ದೊಡ್ಡ ಪಾಲು ಸಂದಿದೆ ಎಂದು ೧೯೦೯ರಲ್ಲಿ ಪ್ರಕಟಿಸಿದರು. ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಆ ನಕ್ಷೆಯನ್ನು ಮತ್ತಷ್ಟು ತಿದ್ದಿ ಬೆಳಸಿದರು.

ಗಾಯವೇ ಇಲ್ಲದ ಮಿದುಳಿನ ಕೆಲಸವನ್ನು ಕಾಣುವ ಬಗೆ ಯಾವುದು? ಇದಕ್ಕೆ ಸುಳಿವು ರಕ್ತದಲ್ಲಿತ್ತು. ಮಿದುಳಿನಲ್ಲಿ ಕೆಲಸ ಹೆಚ್ಚಿದ ಕಡೆಗೆ ರಕ್ತದ ಹರಿವೂ ಹೆಚ್ಚುತ್ತದೆಂದು ೧೮೯೦ರಲ್ಲೇ ಇಂಗ್ಲೆಂಡಿನ ರಾಯ್ ಮತ್ತು ಶೆರಿಂಗ್ಟನ್ ಸೂಚಿಸಿದ್ದರು. ಸರಿಯಾಗಿ ನೂರು ವರ್ಷದ ಮೇಲೆ, ೧೯೯೦ರಲ್ಲಿ, ಜಪಾನಿನಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ಸೆಯಿಜಿ ಒಗಾವಾ ಇದಕ್ಕೊಂದು ಉಪಾಯ ತೋರಿಸಿದರು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೊಗ್ಲೋಬಿನ್ನಿನ ಕಾಂತಗುಣ ಬೇರೆ, ಆಮ್ಲಜನಕವನ್ನು ಹೊತ್ತದ್ದರ ಗುಣ ಬೇರೆ. ದುಡಿಯುತ್ತಿರುವ ಭಾಗಕ್ಕೆ ಖರ್ಚಿಗಿಂತ ಹೆಚ್ಚಾಗಿಯೇ ಹೊಸ ರಕ್ತ ಹರಿದುಬರುವುದರಿಂದ, ಎಂ.ಆರ್.ಐ. ಯಂತ್ರದಲ್ಲಿ ಆ ಭಾಗದ ಸಂಕೇತ ತುಸು ಬಲವಾಗುತ್ತದೆ. ಮನುಷ್ಯರ ಮೇಲೆ ನಡೆದ ಈ ಪರೀಕ್ಷೆಯ ಫಲಗಳು ೧೯೯೨ರಲ್ಲಿ ಪ್ರಕಟವಾದವು. ಸೂಜಿಯಿಲ್ಲ, ಕತ್ತಿಯಿಲ್ಲ. ಒಂದೇ ಕೊರತೆಯೆಂದರೆ ರಕ್ತದ ನಡೆ ನಿಧಾನ. ಅದರ ಏರು ತುದಿಮುಟ್ಟಲು ಐದಾರು ಸೆಕೆಂಡು ಬೇಕು.

ನೋಟವಾದರೋ ಬಲು ಚುರುಕು. ೧೯೯೬ರಲ್ಲಿ ಫ್ರಾನ್ಸಿನಲ್ಲಿ ಸೈಮನ್ ಥಾರ್ಪ್ ಮತ್ತು ಸಂಗಡಿಗರು ಸೆಕೆಂಡಿನ ಐವತ್ತರಲ್ಲೊಂದು ಪಾಲು ಹೊತ್ತು ಮಾತ್ರ ಚಿತ್ರ ತೋರಿಸಿ, ಅದರಲ್ಲಿ ಪ್ರಾಣಿಯಿದೆಯೇ ಎಂದು ಕೇಳಿದರು. ತಲೆಯ ಮೇಲೆ ಅಳೆದ ವಿದ್ಯುತ್ತಿನಲ್ಲಿ ‘ಉಂಟು’, ‘ಇಲ್ಲ’ಗಳ ಭೇದ ಸೆಕೆಂಡಿನ ಸಾವಿರದ ೧೫೦ ಪಾಲಿನೊಳಗೆ ಮೂಡಿತ್ತು. ಎಲ್ಲಿ ಎಂಬುದಕ್ಕೆ ಕಾಂತಯಂತ್ರ, ಎಷ್ಟು ಬೇಗ ಎಂಬುದಕ್ಕೆ ವಿದ್ಯುತ್ತಿನ ಅಳತೆ: ಹೀಗೆ ಎರಡೂ ಒಂದಕ್ಕೊಂದು ಪೂರಕವಾದವು.

೧೯೯೮ರಲ್ಲಿ ರಸೆಲ್ ಎಪ್‌ಸ್ಟೀನ್ ಮತ್ತು ನ್ಯಾನ್ಸಿ ಕ್ಯಾನ್‌ವಿಶರ್ ಮಿದುಳಿನ ಒಳಗಡಿಯಲ್ಲಿ ‘ಸ್ಥಳ’ಕ್ಕೆಂದೇ ಮಿಡಿಯುವ ಒಂದು ನೆಲೆಯನ್ನು ಗುರುತಿಸಿದರು. ಮುಖಗಳಿಗೆ, ಬಿಡಿ ವಸ್ತುಗಳಿಗೆ ಅದು ಅಷ್ಟಾಗಿ ಓಗೊಡದು; ಬಯಲು, ಬೀದಿ, ಕೋಣೆಗಳಿಗೆ ಓಗೊಡುತ್ತದೆ. ಸಾಮಾನು ತುಂಬಿದ ಕೋಣೆಯಷ್ಟೇ ಬರಿದಾದ ಕೋಣೆಯೂ ಅದಕ್ಕೆ ಸಾಕು. ಅಂದರೆ ದೃಶ್ಯವೆಂಬುದು ವಸ್ತುಗಳ ಪಟ್ಟಿಯಲ್ಲ, ಅವುಗಳಿಗೆ ಇಂಬುಕೊಡುವ ಅವಕಾಶ. ೨೦೦೯ರಲ್ಲಿ ಡರ್ಕ್ ವಾಲ್ಟರ್ ಮತ್ತು ಸಂಗಡಿಗರು ಕಡಲತೀರ, ಕಾಡು, ಬೆಟ್ಟ, ಕಟ್ಟಡ, ಹೆದ್ದಾರಿ, ಕೈಗಾರಿಕೆ ಎಂಬ ಆರು ಬಗೆಯ ದೃಶ್ಯಗಳಲ್ಲಿ ಯಾವುದನ್ನು ತೋರಿಸಿದರೆಂಬುದನ್ನು, ಕೇವಲ ಊಹೆಯಿಂದ ದೊರೆಯುವುದಕ್ಕಿಂತ ಚೆನ್ನಾಗಿ, ಮಿದುಳಿನ ಚಟುವಟಿಕೆಯಿಂದಲೇ ಹೇಳಿದರು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿ, ಅವುಗಳಲ್ಲಿ ಸಮುದ್ರ, ಪರ್ವತ, ನಗರಗಳನ್ನು ಎಣಿಸಿದ ನಮ್ಮ ಲಾಕ್ಷಣಿಕರ ನೆನಪಾಗದೆ ಇರದು.

ಇದಕ್ಕಿಂತ ಬೆರಗಾದದ್ದು ೨೦೦೮ರಲ್ಲಿ ಬರ್ಕ್ಲಿಯಲ್ಲಿ ಕೆಂಡ್ರಿಕ್ ಕೇ, ಜ್ಯಾಕ್ ಗ್ಯಾಲಂಟ್ ಮೊದಲಾದವರು ಪ್ರಕಟಿಸಿದ ಫಲ. ಇಬ್ಬರಿಗೆ ೧,೭೫೦ ಚಿತ್ರಗಳನ್ನು ತೋರಿಸಿ, ಅವರವರ ಮಿದುಳಿನ ರೀತಿಯನ್ನು ಗಣಿತಕ್ಕೆ ಇಳಿಸಿಕೊಂಡರು. ಬಳಿಕ ಹಿಂದೆ ತೋರಿಸದ ೧೨೦ ಚಿತ್ರಗಳಲ್ಲಿ ಯಾವುದನ್ನು ನೋಡುತ್ತಿದ್ದಾರೆಂದು ಹೇಳಹೊರಟರು. ಒಬ್ಬರಲ್ಲಿ ನೂರಕ್ಕೆ ೯೨, ಇನ್ನೊಬ್ಬರಲ್ಲಿ ೭೨ ಸರಿಯಾಯಿತು. ಕಣ್ಣುಮುಚ್ಚಿ ಹೇಳಿದ್ದರೆ ನೂರಕ್ಕೆ ಒಂದೂ ಸರಿಯಾಗುವಂತಿರಲಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಎಂಟು ಮಂದಿ, ಒಂದು ವರ್ಷದ ಅವಧಿಯಲ್ಲಿ, ತಲಾ ಒಂಬತ್ತು ಹತ್ತು ಸಾವಿರ ಚಿತ್ರಗಳನ್ನು ಯಂತ್ರದೊಳಗೆ ಮಲಗಿ ನೋಡಿದರು. ೨೦೨೨ರಲ್ಲಿ ಅಚ್ಚಾದ ಆ ಸಂಗ್ರಹ ಇಂದು ಲೋಕದ ಸಂಶೋಧಕರಿಗೆ ತೆರೆದಿದೆ.

ಹಾಗಾದರೆ ಮನಸ್ಸಿನ ಬಾಗಿಲು ತೆರೆಯಿತೆ? ಅವಸರ ಬೇಡ. ಯಂತ್ರ ಹೇಳುವುದು ಯಾವ ಚಿತ್ರ ಎಂಬುದನ್ನು. ಅದೇ ಕಾಡು ಒಬ್ಬನಿಗೆ ಭಯ, ಇನ್ನೊಬ್ಬನಿಗೆ ತವರು ಎಂಬ ಮಾತು ಆ ಲೆಕ್ಕದಲ್ಲಿ ಬರುವುದಿಲ್ಲ. ಮೇಲಾಗಿ, ಗಂಟೆಗಟ್ಟಲೆ ಅಲುಗಾಡದೆ ಮಲಗುವ ಮನುಷ್ಯನ ಸಹಕಾರವಿಲ್ಲದೆ ಈ ಲೆಕ್ಕವೇ ಸಾಗದು. ಹಾಗೆಂದು ಎಚ್ಚರ ತಪ್ಪುವಂತೆಯೂ ಇಲ್ಲ. ಮಿದುಳಿನ ಚಟುವಟಿಕೆಗೂ ಅದರಿಂದ ದೊರೆಯುವ ಮಾಹಿತಿಗೂ ರಕ್ಷಣೆ ಬೇಕೆಂದು ಚಿಲಿ ದೇಶ ೨೦೨೧ರಲ್ಲೇ ತನ್ನ ಸಂವಿಧಾನವನ್ನು ತಿದ್ದಿಕೊಂಡಿತು.

ಇನೊಯೆ ಅವರ ಮುಂದೆ ಕುಳಿತ ಸೈನಿಕರು ಈ ವಿದ್ಯೆಗಾಗಿ ಗುಂಡಿಗೆ ತಲೆಯೊಡ್ಡಿದವರಲ್ಲ. ಅವರ ನಷ್ಟದಿಂದ ಲೋಕಕ್ಕೆ ಜ್ಞಾನ ಲಭಿಸಿತು, ಅಷ್ಟೆ. ಮಿನ್ನೆಸೋಟದ ಎಂಟು ಮಂದಿ ತಾವಾಗಿಯೇ ಒಪ್ಪಿ ಬಂದು ಮಲಗಿದರು. ಈ ನೂರು ವರ್ಷದಲ್ಲಿ ಯಂತ್ರ ಬೆಳೆದದ್ದು ದೊಡ್ಡದೇ ಸರಿ. ಆ ಒಪ್ಪಿಗೆ ಬೆಳೆದು ಬಂದದ್ದು ಅದಕ್ಕಿಂತ ದೊಡ್ಡದು. ಮುಂದೆ ಯಂತ್ರ ಎಷ್ಟೇ ಚುರುಕಾಗಲಿ, ಕಾಯ್ದುಕೊಳ್ಳಬೇಕಾದದ್ದು ಅದನ್ನೇ.